ಟಫನ್ಡ್ ಗಾಜು: ಕುಲುಮೆಗೆ ಹೋಗುವ ಮೊದಲೇ ತೀರ್ಮಾನಿಸಬೇಕಾದದ್ದು

ಮನೆ ಕಟ್ಟಿಸುತ್ತಿರುವವರಿಂದಲೂ, ಹಳೆಯ ಫ್ಲ್ಯಾಟನ್ನು ನವೀಕರಿಸಲು ಹೊರಟವರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. ಟಫನ್ಡ್ ಗಾಜು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಬಲಪಡಿಸಿದ ಗಾಜು, ಒಡೆಯುವುದೇ ಇಲ್ಲವೇ? ಅಂಗಡಿಯವರು ಕೊಟ್ಟದ್ದು ನಿಜವಾಗಿಯೂ ಟಫನ್ಡ್ ಎಂದು ತಿಳಿಯುವುದು ಹೇಗೆ? ಯಾರೂ ಮುಟ್ಟದಿದ್ದರೂ ಅದು ತಾನಾಗಿಯೇ ಸಿಡಿಯುತ್ತದೆ ಎನ್ನುತ್ತಾರಲ್ಲ, ಅದು ನಿಜವೇ? ಮೊದಲನೆಯದಕ್ಕೆ ಉತ್ತರ ‘ಒಡೆಯುತ್ತದೆ’ ಎಂದು. ಮೂರನೆಯದಕ್ಕೆ ‘ಅಪರೂಪಕ್ಕೆ ನಿಜ’ ಎಂದು. ಎರಡನೆಯದಕ್ಕೆ ಒಂದು ಸಾಲಿನ ಉತ್ತರವಿಲ್ಲ. ಈ ಬರಹದ ದೊಡ್ಡ ಭಾಗ ಅದಕ್ಕೂ, ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಇನ್ನಷ್ಟು ಪ್ರಶ್ನೆಗಳಿಗೂ ಮೀಸಲು. ಟೆಂಪರ್ಡ್ ಎಂದರೂ ಟಫನ್ಡ್ ಎಂದರೂ ಗಾಜು ಒಂದೇ. ಬೆಂಗಳೂರಿನ ಅಂಗಡಿಗಳಲ್ಲಿ ‘ಟಫನ್ಡ್’ ಎಂಬ ಮಾತೇ ರೂಢಿಯಲ್ಲಿರುವುದರಿಂದ ಇಲ್ಲಿಯೂ ಅದನ್ನೇ ಬಳಸಿದ್ದೇನೆ.

ಬಲ ಎಲ್ಲಿಂದ ಬರುತ್ತದೆ

ಹಂತಗಳಿಗೆ ಹೋಗುವ ಮುನ್ನ ಈ ಗಾಜು ತಯಾರಾಗುವ ಬಗೆಯನ್ನು ತಿಳಿದಿರಬೇಕು, ಏಕೆಂದರೆ ಮುಂದಿನ ಪ್ರತಿಯೊಂದು ಎಚ್ಚರಿಕೆಯೂ ಅದರಿಂದಲೇ ಹುಟ್ಟುತ್ತದೆ. ಸಾದಾ ಗಾಜನ್ನು ಮೊದಲು ಬೇಕಾದ ಅಳತೆಗೆ ಕತ್ತರಿಸಿ, ಅಂಚುಗಳನ್ನು ಉಜ್ಜಿ, ರಂಧ್ರಗಳನ್ನು ಕೊರೆದು, ತೊಳೆದು, ಉರುಳೆಗಳ ಮೇಲೆ ಕುಲುಮೆಯೊಳಕ್ಕೆ ಸಾಗಿಸುತ್ತಾರೆ. ಅಲ್ಲಿ ಅದು 620 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದು, ಹೊರಬಂದ ಕೂಡಲೇ ಎರಡೂ ಮುಖಗಳ ಮೇಲೆ ಬಿರುಸಾದ ಗಾಳಿಯ ಹೊಡೆತಕ್ಕೆ ಸಿಕ್ಕಿ ಥಟ್ಟನೆ ತಣಿಯುತ್ತದೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ; ನಿಧಾನವಾಗಿ ತಣಿಯುವ ಒಳಭಾಗ ಕುಗ್ಗಲು ಹವಣಿಸುತ್ತಾ ಆಗಲೇ ಗಟ್ಟಿಯಾದ ಹೊರಮೈಯನ್ನು ಒಳಕ್ಕೆ ಜಗ್ಗುತ್ತದೆ. ಹೀಗೆ ಹೊರಮೈ ಸದಾ ಅದುಮಿಕೊಂಡ ಸ್ಥಿತಿಯಲ್ಲೂ ಒಳಭಾಗ ಸದಾ ಸೆಳೆತದ ಸ್ಥಿತಿಯಲ್ಲೂ ಉಳಿದುಬಿಡುತ್ತವೆ.

ಗಾಜು ಒಡೆಯುವುದು ಅದರ ಮೈಮೇಲಿರುವ, ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಬಾಯಿಬಿಟ್ಟಾಗ. ಹೊರಮೈ ಅದುಮಿಕೊಂಡಿದ್ದರೆ ಆ ಬಿರುಕುಗಳು ಮುಚ್ಚಿಕೊಂಡಿರುತ್ತವೆ. ಹೊರಗಿನ ಹೊಡೆತವು ಮೊದಲು ಆ ಒತ್ತಡವನ್ನು ಮೀರಬೇಕು, ಆಮೇಲಷ್ಟೇ ಬಿರುಕನ್ನು ತೆರೆಯಬಲ್ಲದು. ಅಮೆರಿಕದ ಮಾನದಂಡದಲ್ಲಿ ಗಾಜು ಪೂರ್ಣ ಟಫನ್ಡ್ ಎನಿಸಿಕೊಳ್ಳಲು ಹೊರಮೈಯ ಒತ್ತಡ ಕನಿಷ್ಠ 69 ಮೆಗಾಪ್ಯಾಸ್ಕಲ್ ಇರಬೇಕು, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 700 ಕಿಲೋ. ಅದೇ ದಪ್ಪದ ಸಾದಾ ಗಾಜಿಗಿಂತ ಟಫನ್ಡ್ ನಾಲ್ಕರಿಂದ ಐದು ಪಟ್ಟು ಬಲಶಾಲಿ ಎನ್ನುವುದು ಈ ಕಾರಣಕ್ಕೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಎಂಬಂಥ ಸ್ಥಿತಿಯನ್ನೂ ಅದು ಹೆಚ್ಚು ತಾಳುತ್ತದೆ: ಸುಮಾರು 40 ಡಿಗ್ರಿ ವ್ಯತ್ಯಾಸಕ್ಕೇ ಸಾದಾ ಗಾಜು ಬಿರಿಯುವ ಅಪಾಯವಿದ್ದರೆ, ಟಫನ್ಡ್ ಗಾಜು ಸುಮಾರು 200 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ.

ಆದರೆ ಬಿರುಕು ಹೊರಪದರವನ್ನು ದಾಟಿ ಸೆಳೆತದಲ್ಲಿರುವ ಒಳಭಾಗವನ್ನು ಒಮ್ಮೆ ಮುಟ್ಟಿತೆಂದರೆ, ಅಷ್ಟೂ ಶಕ್ತಿ ಒಂದೇ ಏಟಿಗೆ ಬಿಡುಗಡೆಯಾಗಿ ಇಡೀ ಹಲಗೆ ಪುಡಿಯಾಗುತ್ತದೆ. ಸುರಕ್ಷತೆ ಅಡಗಿರುವುದು ಇಲ್ಲಿಯೇ. ಸಾದಾ ಗಾಜು ಕತ್ತಿಯಂತಹ ಉದ್ದುದ್ದ ತುಂಡುಗಳಾಗಿ ಮುರಿದರೆ, ಟಫನ್ಡ್ ಗಾಜು ಕಲ್ಲುಸಕ್ಕರೆಯ ಹರಳಿನಂತಹ ಮೊಂಡು ಚೂರುಗಳಾಗುತ್ತದೆ. ಯುರೋಪಿನ ಮಾನದಂಡದ ಪ್ರಕಾರ 4ರಿಂದ 12 ಮಿ.ಮೀ. ದಪ್ಪದ ಗಾಜನ್ನು ಒಡೆದು ನೋಡಿದಾಗ 50 ಮಿ.ಮೀ. ಬದಿಯ ಒಂದು ಚೌಕದೊಳಗೆ ಕನಿಷ್ಠ 40 ಚೂರುಗಳಿರಬೇಕು. ಚೂರು ತರಚುತ್ತದೆ, ಸಣ್ಣ ಗಾಯ ಮಾಡುತ್ತದೆ. ರಕ್ತನಾಳ ಕತ್ತರಿಸುವಂತಹ ಗಾಯ ಬಹುಮಟ್ಟಿಗೆ ತಪ್ಪುತ್ತದೆ.

ಅದೇ ಕಾರಣಕ್ಕೆ, ಕುಲುಮೆಯಿಂದ ಹೊರಬಂದ ಗಾಜನ್ನು ಮತ್ತೆ ಕತ್ತರಿಸಲಾಗದು, ಕೊರೆಯಲಾಗದು. ಬಡಗಿಯ ಕೆಲಸದಲ್ಲಿ ‘ಆಮೇಲೆ ಸರಿ ಮಾಡೋಣ’ ಎನ್ನಬಹುದು. ಇಲ್ಲಿ ‘ಆಮೇಲೆ’ ಎಂಬುದೇ ಇಲ್ಲ.

ಕೈಯಲ್ಲಿ ಇರಬೇಕಾದದ್ದು

ಉಕ್ಕಿನ ಅಳತೆ ಟೇಪು, ಕನಿಷ್ಠ ಎರಡಡಿ ಉದ್ದದ ಸ್ಪಿರಿಟ್ ಲೆವೆಲ್, ತೂಕದ ಗುಂಡು, ನಕ್ಷೆ ಬರೆಯಲು ಹಾಳೆ, ವಕ್ರ ಜಾಗಗಳಿದ್ದರೆ ತೆಳು ಪ್ಲೈವುಡ್. ಇವುಗಳ ಜೊತೆಗೆ ಪೋಲರೈಸ್ಡ್ ತಂಪು ಕನ್ನಡಕ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಕನ್ನಡಕ. ಅದು ಏಕೆಂಬುದು ಆರನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಟಫನ್ಡ್ ಎಲ್ಲಿ ಬೇಕು, ಎಲ್ಲಿ ಅದೊಂದೇ ಸಾಲದು

ಮನುಷ್ಯರ ಮೈ ತಗಲಬಹುದಾದ ಕಡೆ ಸಾದಾ ಗಾಜು ಇರಕೂಡದು. ಸ್ನಾನದ ಕೋಣೆಯ ಶವರ್ ಪಾರ್ಟಿಷನ್, ಗಾಜಿನ ಬಾಗಿಲು, ಬಾಗಿಲಿನ ಪಕ್ಕದ ಹಲಗೆ, ನೆಲಮಟ್ಟದಿಂದಲೇ ಏಳುವ ದೊಡ್ಡ ಕಿಟಕಿ, ಮಕ್ಕಳು ಓಡಾಡುವ ಕಡೆಯ ಟೀಪಾಯಿ, ಇವೆಲ್ಲವೂ ಟಫನ್ಡ್ ಆಗಿರಲೇಬೇಕು. ಜಯನಗರ, ಮಲ್ಲೇಶ್ವರದಂತಹ ಬಡಾವಣೆಗಳ ಹಳೆಯ ಮನೆಗಳಲ್ಲಿ ಬಾಗಿಲಿನ ಚೌಕಟ್ಟಿಗೆ ಸೇರಿಸಿದ 4 ಮಿ.ಮೀ. ಸಾದಾ ಗಾಜು ಈಗಲೂ ಕಾಣಸಿಗುತ್ತದೆ. ನವೀಕರಣಕ್ಕೆ ಕೈಹಾಕಿದಾಗ ಸೋಫಾ ಬದಲಿಸುವ ಮೊದಲು ಅದನ್ನು ಬದಲಿಸಿ.

ಇನ್ನು, ಟಫನ್ಡ್ ಒಂದೇ ಸಾಲದ ಜಾಗಗಳು. ಬಾಲ್ಕನಿ ಕಟಾಂಜನ, ಮಹಡಿ ಮೆಟ್ಟಿಲ ಪಕ್ಕದ ಗಾಜು, ತಲೆಯ ಮೇಲಿನ ಬೆಳಕಿಂಡಿ, ಮುಂಬಾಗಿಲ ಮೇಲಿನ ಚಾಚು, ಗಾಜಿನ ಮೆಟ್ಟಿಲು. ಇಲ್ಲಿ ಯೋಚಿಸಬೇಕಾದದ್ದು ‘ಒಡೆಯುತ್ತದೆಯೇ’ ಎಂಬುದನ್ನಲ್ಲ, ‘ಒಡೆದ ಮೇಲೆ ಏನಾಗುತ್ತದೆ’ ಎಂಬುದನ್ನು. ಒಂಟಿ ಟಫನ್ಡ್ ಗಾಜು ಒಡೆದರೆ ಇದ್ದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟೊಂದರ ಹನ್ನೆರಡನೇ ಮಹಡಿಯಲ್ಲಿ ಕಟಾಂಜನದ ಗಾಜು ಹೋದರೆ, ಅಲ್ಲಿ ಒರಗಿ ನಿಂತವರಿಗೆ ಆಸರೆ ತಪ್ಪುತ್ತದೆ, ಕೆಳಗೆ ಆಡುವ ಮಕ್ಕಳ ಮೇಲೆ ಚೂರುಗಳು ಸುರಿಯುತ್ತವೆ. ಎಷ್ಟೋ ಸಲ ಆ ಚೂರುಗಳು ಒಂದಕ್ಕೊಂದು ಅಂಟಿಕೊಂಡೇ ಹೆಂಟೆಗಳಾಗಿ ಬೀಳುವುದರಿಂದ ಅವು ‘ಮೊಂಡು’ ಎಂಬುದು ಕೆಳಗಿರುವವರಿಗೆ ಸಮಾಧಾನದ ಮಾತಲ್ಲ.

ಇಂತಹ ಕಡೆ ಬೇಕಾಗುವುದು ಟಫನ್ಡ್ ಲ್ಯಾಮಿನೇಟೆಡ್ ಗಾಜು, ಅಂದರೆ ಎರಡು ಟಫನ್ಡ್ ಹಲಗೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ಬಿಸಿ ಹಾಗೂ ಒತ್ತಡದಲ್ಲಿ ಬೆಸೆದದ್ದು. ಈ ಹಾಳೆ 0.38 ಮಿ.ಮೀ.ನ ಗುಣಕಗಳಲ್ಲಿ ಬರುತ್ತದೆ: 0.76, 1.52 ಹೀಗೆ. ಟಫನ್ಡ್ ಹಲಗೆಗಳ ಮೇಲ್ಮೈಯಲ್ಲಿ ಅತಿ ಸಣ್ಣ ಅಲೆಗಳಿರುವುದರಿಂದ ಅವುಗಳ ನಡುವೆ 1.52 ಮಿ.ಮೀ. ಹಾಳೆಯನ್ನೇ ಕೇಳುವುದು ಒಳ್ಳೆಯದು. ಎರಡೂ ಹಲಗೆಗಳು 6 ಮಿ.ಮೀ. ಆಗಿದ್ದರೆ ಅಂಗಡಿಯಲ್ಲಿ ಇದನ್ನು ‘ಸಿಕ್ಸ್ ಪ್ಲಸ್ ಸಿಕ್ಸ್’ ಎಂದು ಕರೆಯುತ್ತಾರೆ. ಒಂದು ಹಲಗೆ ಒಡೆದರೂ ಚೂರುಗಳು ಹಾಳೆಗೆ ಅಂಟಿಕೊಂಡು ನಿಲ್ಲುತ್ತವೆ. ಕಾರಿನ ಮುಂಗಾಜು ಲ್ಯಾಮಿನೇಟೆಡ್ ಆಗಿರುವುದೂ ಇದೇ ಕಾರಣಕ್ಕೆ. ಕಟಾಂಜನದ ವಿಷಯದಲ್ಲಿ ಖರ್ಚು ಉಳಿಸಲು ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಶವರ್ ಪಾರ್ಟಿಷನ್‌ನಲ್ಲಿ ಬೇಕಾದರೆ ಉಳಿಸಿ. ಗಾಜಿನ ತಲೆಯ ಮೇಲೆ ಉಕ್ಕಿನ ಹಿಡಿಗಂಬಿಯೂ ಇರಲಿ: ಒಂದು ಹಲಗೆ ಹೋದರೂ ಹಿಡಿದುಕೊಳ್ಳಲು ಏನಾದರೂ ಉಳಿದಿರಬೇಕು.

ಟಫನ್ಡ್ ಗಾಜು ಮಾಡದ ಕೆಲಸಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದು ರಸ್ತೆಯ ಸದ್ದನ್ನು ಸಾದಾ ಗಾಜಿಗಿಂತ ಹೆಚ್ಚು ತಡೆಯುವುದಿಲ್ಲ, ಬಿಸಿಲನ್ನೂ ತಡೆಯುವುದಿಲ್ಲ. ಬೆಂಕಿ ತಡೆಯುವ ಗಾಜು ಬೇರೆಯೇ ಇದೆ. ಕಳ್ಳನಿಗಂತೂ ಮೊನಚಾದ ಉಪಕರಣದ ಒಂದೇ ಪೆಟ್ಟು ಸಾಕು, ದಾರಿ ಪೂರ್ತಿ ತೆರೆದುಕೊಳ್ಳುತ್ತದೆ.

ಹಂತ 2: ದಪ್ಪವನ್ನು ನಿರ್ಧರಿಸಿ

‘ಟಫನ್ಡ್ ತಾನೇ ಸಾರ್, ದಪ್ಪ ಕಡಿಮೆ ಮಾಡಬಹುದು’ ಎಂದು ಹೇಳುವವರು ಸಿಗುತ್ತಾರೆ. ಇದು ಅರ್ಧ ಸತ್ಯ. ಮುರಿಯುವ ಬಲ ನಾಲ್ಕೈದು ಪಟ್ಟು ಹೆಚ್ಚಿದರೂ ಬಾಗುವ ಗುಣ ಒಂದಿಷ್ಟೂ ಬದಲಾಗುವುದಿಲ್ಲ, 8 ಮಿ.ಮೀ. ಸಾದಾ ಗಾಜು ಎಷ್ಟು ಬಾಗುತ್ತದೆಯೋ 8 ಮಿ.ಮೀ. ಟಫನ್ಡ್ ಗಾಜೂ ಅಷ್ಟೇ ಬಾಗುತ್ತದೆ. ಬಾಗುವಿಕೆಯನ್ನು ತಡೆಯುವುದು ದಪ್ಪ ಮಾತ್ರ, ಅದೂ ಘನದ ಲೆಕ್ಕದಲ್ಲಿ: ದಪ್ಪ ಇಮ್ಮಡಿಯಾದರೆ ಬಿಗುವು ಎಂಟು ಪಟ್ಟಾಗುತ್ತದೆ. ತೆಳು ಗಾಜಿನ ಬಾಗಿಲು ಒಡೆಯದೇ ಇರಬಹುದು, ಆದರೆ ಪ್ರತಿ ಸಲ ತೆರೆದಾಗಲೂ ಬಳುಕಿ ಕೀಲುಗಳನ್ನು ಸಡಿಲಿಸುತ್ತದೆ.

ಶವರ್‌ನ ಚಲಿಸದ ಹಲಗೆಗೆ 8 ಮಿ.ಮೀ., ತೆರೆಯುವ ಬಾಗಿಲಿಗೆ 10 ಮಿ.ಮೀ., ನೆಲದ ಸ್ಪ್ರಿಂಗ್ ಮೇಲೆ ತಿರುಗುವ ಚೌಕಟ್ಟಿಲ್ಲದ ಬಾಗಿಲಿಗೆ 12 ಮಿ.ಮೀ. ರೂಢಿಯಲ್ಲಿದೆ. ಮೇಜಿನ ಹಲಗೆಯ ಮೇಲೆ ಹಾಸುವ ಗಾಜಿಗೆ 6 ಮಿ.ಮೀ. ಸಾಕು, ನಾಲ್ಕು ಕಾಲುಗಳ ಮೇಲೆಯೇ ನಿಲ್ಲುವ ಗಾಜಿಗೆ 10 ಅಥವಾ 12 ಬೇಕು. ಕಟಾಂಜನ, ಬೆಳಕಿಂಡಿ, ಎತ್ತರದ ಕಿಟಕಿಗಳ ದಪ್ಪವನ್ನು ಅಂಗಡಿಯವರ ಬಾಯಿಮಾತಿಗೆ ಬಿಡದೆ ಸ್ಟ್ರಕ್ಚರಲ್ ಎಂಜಿನಿಯರ್ ಬಳಿ ಲೆಕ್ಕ ಹಾಕಿಸಿ. ಗಾಳಿಯ ಒತ್ತಡ, ಹಲಗೆಯ ಅಗಲ, ಎಷ್ಟು ಬದಿಗಳಲ್ಲಿ ಆಧಾರವಿದೆ ಎಂಬುದನ್ನೆಲ್ಲ ಸೇರಿಸಿ ಲೆಕ್ಕ ಮಾಡುವ ವಿಧಾನ ಐಎಸ್ 16231 ಎಂಬ ಭಾರತೀಯ ಸಂಹಿತೆಯಲ್ಲಿದೆ. ಅದರ ನಾಲ್ಕನೆಯ ಭಾಗ ಮನುಷ್ಯರು ಗಾಜಿಗೆ ಡಿಕ್ಕಿ ಹೊಡೆಯುವ ಅಪಾಯದ ಬಗ್ಗೆಯೇ ಇದೆ.

ತೂಕದ ಲೆಕ್ಕ ಸುಲಭ: ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ. 750 ಮಿ.ಮೀ. ಅಗಲ, 2000 ಮಿ.ಮೀ. ಎತ್ತರದ 10 ಮಿ.ಮೀ. ಬಾಗಿಲು 37.5 ಕಿಲೋ ತೂಗುತ್ತದೆ. ಎರಡು ಕೀಲುಗಳು ಸೇರಿ ಎಷ್ಟು ಕಿಲೋ ತಾಳುತ್ತವೆ ಎಂಬುದನ್ನು ಅವುಗಳ ಪೊಟ್ಟಣದ ಮೇಲೆ ಓದಿ. ಎಸ್.ಪಿ. ರಸ್ತೆಯ ಅಂಗಡಿ ಸಾಲಿನಲ್ಲಿ ನೋಡಲು ಒಂದೇ ತರಹ ಇರುವ ಕೀಲುಗಳು ಬೆಲೆಯಲ್ಲಿ ಮೂರು ಪಟ್ಟು ವ್ಯತ್ಯಾಸದಲ್ಲಿದ್ದರೆ ಕಾರಣ ಬಹುತೇಕ ಲೋಹದಲ್ಲಿ ಇರುತ್ತದೆ; ಕೊಳವೆಬಾವಿ ನೀರಿನ ಸ್ನಾನದ ಕೋಣೆಯಲ್ಲಿ ಅಗ್ಗದ ಮಿಶ್ರಲೋಹಕ್ಕಿಂತ ತುಕ್ಕು ಹಿಡಿಯದ ಉಕ್ಕು ಅಥವಾ ಗಟ್ಟಿ ಹಿತ್ತಾಳೆಯೇ ಮೇಲು.

ಹಂತ 3: ಅಳತೆ ತೆಗೆಯಿರಿ

ಅತಿ ಹೆಚ್ಚು ಹಣ ಹಾಳಾಗುವ ಹಂತ ಇದು. ಟೈಲ್ಸ್, ಗ್ರಾನೈಟ್, ಪ್ಲಾಸ್ಟರ್ ಎಲ್ಲವೂ ಮುಗಿದ ಮೇಲಷ್ಟೇ ಅಳತೆ ತೆಗೆಯಬೇಕು. ‘ಟೈಲ್ಸ್‌ಗೆ ಇಷ್ಟು ಬಿಟ್ಟುಕೊಂಡು ಲೆಕ್ಕ ಹಾಕೋಣ’ ಎಂಬ ಅವಸರಕ್ಕೆ ಒಪ್ಪಬೇಡಿ.

ಅಗಲವನ್ನು ಬುಡ, ನಡು, ತುದಿ ಈ ಮೂರು ಕಡೆ ಅಳೆಯಿರಿ. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ ಅಳೆಯಿರಿ. ಮೂರರಲ್ಲಿ ಚಿಕ್ಕದೇ ನಿಮ್ಮ ಅಳತೆ. ನಂತರ ತೂಕದ ಗುಂಡು ಬಿಟ್ಟು ಗೋಡೆ ಎಷ್ಟು ವಾಲಿದೆ ಎಂದು ನೋಡಿ. ನಮ್ಮ ಊರಿನ ಗೋಡೆಗಳು ಎರಡು ಮೀಟರ್ ಎತ್ತರದಲ್ಲಿ ಐದಾರು ಮಿ.ಮೀ. ವಾಲಿರುವುದು ಅಪರೂಪವೇನಲ್ಲ; ಮರದ ಬಾಗಿಲಾದರೆ ಹತ್ತರಿ ಹೊಡೆದು ಸರಿಪಡಿಸುತ್ತಾರೆ, ಟಫನ್ಡ್ ಗಾಜಿಗೆ ಆ ಭಾಗ್ಯವಿಲ್ಲ. ವಾಲಿಕೆ ಹೆಚ್ಚಿದ್ದರೆ ಗೋಡೆಗೆ ಅಲ್ಯೂಮಿನಿಯಂ ಯು ಪಟ್ಟಿ ಕೂರಿಸಿ ಅದರೊಳಗೆ ಗಾಜು ಹೊಂದುವಂತೆ ಮಾಡುವುದು ಒಂದು ದಾರಿ. ಗಾಜನ್ನೇ ವಾಲಿದ ಆಕಾರಕ್ಕೆ ಕತ್ತರಿಸಿ ಕುಲುಮೆಗೆ ಕಳಿಸುವುದು ಇನ್ನೊಂದು. ಸ್ನಾನದ ಕೋಣೆಯ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ ಎಂಬುದನ್ನೂ ಮರೆಯಬೇಡಿ. ಬಾಗಿಲು ಒಳಕ್ಕೆ ತೆರೆದಾಗ ನೆಲಕ್ಕೆ ಉಜ್ಜುವುದು ಅದರಿಂದಲೇ.

ಗೋಡೆ ಮತ್ತು ಗಾಜಿನ ನಡುವೆ 3ರಿಂದ 5 ಮಿ.ಮೀ. ಬಿಡುವು ಕಳೆಯಿರಿ. ಗಾಜು ಗೋಡೆಗೆ ನೇರವಾಗಿ ತಾಗಿ ಬಿಗಿಯಾಗಿ ಕುಳಿತರೆ, ಅದರ ಅತ್ಯಂತ ದುರ್ಬಲ ಭಾಗವಾದ ಅಂಚಿನ ಮೇಲೆಯೇ ಒತ್ತಡ ಬೀಳುತ್ತದೆ. ವಕ್ರಾಕಾರ ಅಥವಾ ಮೂಲೆಯಲ್ಲಿ ಕಚ್ಚು ಬೇಕಾದ ಕಡೆ ಪ್ಲೈವುಡ್ಡಿನಲ್ಲಿ ನಿಜ ಗಾತ್ರದ ಅಚ್ಚು ಮಾಡಿ ಜಾಗದಲ್ಲಿ ಕೂರಿಸಿ ನೋಡಿ, ಆ ಅಚ್ಚನ್ನೇ ಕಳುಹಿಸಿ.

ಎಲ್ಲವನ್ನೂ ಮಿ.ಮೀ.ನಲ್ಲೇ ಬರೆಯಿರಿ. ಅಂಗಡಿಯವರು ಚದರಡಿ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ, ಬಿಲ್ಲಿನಲ್ಲಿ ಅಳತೆಯನ್ನು ಮುಂದಿನ ಮೂರು ಅಥವಾ ಆರು ಇಂಚಿಗೆ ಏರಿಸುವ ರೂಢಿಯೂ ಹಲವೆಡೆ ಇದೆ. ಬೆಲೆ ಅವರ ಲೆಕ್ಕದಲ್ಲಿರಲಿ, ಅಳತೆ ನಿಮ್ಮ ಲೆಕ್ಕದಲ್ಲಿರಲಿ.

ಇನ್ನೊಂದು ಅಳತೆ ಬಹಳ ಜನರಿಗೆ ಹೊಳೆಯುವುದೇ ಇಲ್ಲ: ಲಿಫ್ಟಿನದು. 2400 ಮಿ.ಮೀ. ಎತ್ತರದ ಹಲಗೆ ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಓರೆಯಾಗಿಯಾದರೂ ಹಿಡಿಯುತ್ತದೆಯೇ? ಇಲ್ಲವಾದರೆ ಮೆಟ್ಟಿಲ ತಿರುವುಗಳಲ್ಲಿ ಅದು ತಿರುಗುತ್ತದೆಯೇ? ಮೇಲಕ್ಕೆ ಹೋಗದ ಗಾಜನ್ನು ಕೆಳಗೆ ನಿಂತು ಎರಡು ತುಂಡು ಮಾಡಲು ಬರುವುದಿಲ್ಲ. ಅಗತ್ಯವಿದ್ದರೆ ಮೊದಲೇ ಎರಡು ಹಲಗೆಗಳ ವಿನ್ಯಾಸ ಮಾಡಿ.

ಹಂತ 4: ರಂಧ್ರ, ಕಚ್ಚು, ಅಂಚು

ಕೀಲು, ಹಿಡಿಕೆ, ಬೀಗ, ಟವೆಲ್ ಕಂಬಿ ಎಲ್ಲವನ್ನೂ ಮೊದಲೇ ಕೊಂಡು, ಅವುಗಳ ಪೊಟ್ಟಣದಲ್ಲಿರುವ ಕೊರೆಯುವ ನಕ್ಷೆಯನ್ನು ಗಾಜಿನ ನಕ್ಷೆಗೆ ಇಳಿಸಿ. ಗಾಜು ಮೊದಲು, ಫಿಟ್ಟಿಂಗ್ ಆಮೇಲೆ ಎಂದು ಹೊರಟರೆ ಕೆಟ್ಟಿರಿ. ನನ್ನದೇ ಮನೆಯ ಶವರ್ ಬಾಗಿಲಿಗೆ ಕೀಲಿನ ರಂಧ್ರ 20 ಮಿ.ಮೀ. ಕೆಳಗೆ ಬಂದಿತ್ತು, ನಕ್ಷೆಯಲ್ಲಿ ಅಳತೆಯನ್ನು ಮೇಲಿನಿಂದ ತೆಗೆದದ್ದೋ ಕೆಳಗಿನಿಂದಲೋ ಎಂದು ನಾನು ಬರೆದಿರಲಿಲ್ಲ. ಇಡೀ ಬಾಗಿಲನ್ನು ಹೊಸದಾಗಿ ಮಾಡಿಸಬೇಕಾಯಿತು.

ರಂಧ್ರಗಳ ನಿಯಮ ಹೀಗಿದೆ. ರಂಧ್ರದ ವ್ಯಾಸ ಗಾಜಿನ ದಪ್ಪಕ್ಕಿಂತ ಕಡಿಮೆ ಇರಬಾರದು. ರಂಧ್ರದ ಅಂಚಿಗೂ ಗಾಜಿನ ಅಂಚಿಗೂ ನಡುವೆ ದಪ್ಪದ ಎರಡು ಪಟ್ಟಾದರೂ ಜಾಗ ಇರಬೇಕು; ಎರಡು ರಂಧ್ರಗಳ ನಡುವೆಯೂ ಅಷ್ಟೇ. ಮೂಲೆಯಿಂದ ರಂಧ್ರಕ್ಕೆ ದಪ್ಪದ ಆರು ಪಟ್ಟು. 10 ಮಿ.ಮೀ. ಗಾಜಿನಲ್ಲಿ ಅಂಚಿನಿಂದ 20, ಮೂಲೆಯಿಂದ 60 ಮಿ.ಮೀ. ಎಂದಾಯಿತು. ಕಚ್ಚುಗಳ ಒಳಮೂಲೆ ದುಂಡಗಿರಬೇಕು. ಚೂಪಾದ ಒಳಮೂಲೆಯಿಂದಲೇ ಬಿರುಕು ಹೊರಡುತ್ತದೆ.

ಅಂಚು ಕಾಣುವ ಕಡೆ ಪಾಲಿಶ್ ಕೇಳಿ, ಪಟ್ಟಿಯೊಳಗೆ ಅಡಗುವ ಕಡೆ ಉಜ್ಜಿದ ಅಂಚು ಸಾಕು. ಮಸುಕು ಗಾಜು ಬೇಕಿದ್ದರೆ ಆಮ್ಲದಿಂದ ಮಸುಕಾಗಿಸಿದ ಗಾಜನ್ನು ಕುಲುಮೆಗೆ ಹೋಗುವ ಮೊದಲೇ ಆರಿಸಿ. ಟಫನ್ಡ್ ಆದ ಮೇಲೆ ಮರಳು ಚಿಮ್ಮಿಸಿ ಚಿತ್ತಾರ ಕೊರೆಸುವುದು ಬಲವನ್ನು ಕೊಟ್ಟು ಅಂದವನ್ನು ಕೊಂಡಂತೆ.

ಹಂತ 5: ಆರ್ಡರ್ ಕೊಡುವಾಗ

ಬಡಾವಣೆಯ ಗಾಜಿನ ಅಂಗಡಿಯಲ್ಲಿ ಕುಲುಮೆ ಇರುವುದಿಲ್ಲ. ಅವರು ನಗರದ ಅಂಚಿನ ಕೈಗಾರಿಕಾ ಪ್ರದೇಶದ ಘಟಕಕ್ಕೆ ಕಳುಹಿಸಿ ತರಿಸುತ್ತಾರೆ. ಆದ್ದರಿಂದ ‘ನಾಳೆಯೇ ಟಫನ್ಡ್ ಕೊಡುತ್ತೇನೆ’ ಎಂಬ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ. ಯಾವ ಘಟಕದಿಂದ ಬರುತ್ತದೆ ಎಂದು ವಿಚಾರಿಸಿ, ಬಿಲ್ಲಿನಲ್ಲಿ ದಪ್ಪದ ಜೊತೆಗೆ ‘ಟಫನ್ಡ್’ ಎಂಬ ಪದವನ್ನೂ ಬರೆಸಿ. ಜಿಎಸ್‌ಟಿ ಬಿಲ್ಲಿನ ಎಚ್‌ಎಸ್‌ಎನ್ ಸಂಖ್ಯೆ, ಅಂದರೆ ಸರಕಿನ ವರ್ಗ ಸೂಚಿಸುವ ಸಂಖ್ಯೆ, ಸುರಕ್ಷತಾ ಗಾಜಿಗೆ 7007 ಎಂದು ಆರಂಭವಾಗುತ್ತದೆ. ಸಾದಾ ಫ್ಲೋಟ್ ಗಾಜಿಗೆ 7005 ಎಂದು. ಇದೊಂದೇ ಪುರಾವೆಯಾಗದು, ಆದರೆ ಟಫನ್ಡ್ ಬೆಲೆ ತೆಗೆದುಕೊಂಡು 7005 ಎಂದು ಬರೆದಿದ್ದರೆ ಕೇಳಲು ನಿಮಗೊಂದು ಪ್ರಶ್ನೆ ಸಿಕ್ಕಂತಾಯಿತು.

ಈಗ ತಾನಾಗಿ ಸಿಡಿಯುವ ವಿಷಯ. ಗಾಜು ತಯಾರಿಸುವಾಗ ಕಚ್ಚಾವಸ್ತುವಿನಲ್ಲಿ ನಿಕ್ಕಲ್ಲು ಮತ್ತು ಗಂಧಕ ಸೇರಿ ನಿಕಲ್ ಸಲ್ಫೈಡ್ ಎಂಬ ಕಣಗಳು ಅಪರೂಪಕ್ಕೆ ಉಳಿದುಬಿಡುತ್ತವೆ. ಗಾತ್ರ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಹೆಚ್ಚಿನ ಉಷ್ಣತೆಯಲ್ಲಿ ಈ ಕಣಕ್ಕೆ ಒಂದು ರೂಪ, ಕಡಿಮೆ ಉಷ್ಣತೆಯಲ್ಲಿ ಇನ್ನೊಂದು ರೂಪ, ಎರಡನೆಯದರ ಗಾತ್ರ ತುಸು ದೊಡ್ಡದು. ಸಾದಾ ಗಾಜು ನಿಧಾನವಾಗಿ ತಣಿಯುವುದರಿಂದ ರೂಪಾಂತರಕ್ಕೆ ಸಮಯವಿರುತ್ತದೆ. ಟಫನ್ಡ್ ಗಾಜು ಥಟ್ಟನೆ ತಣಿಯುವುದರಿಂದ ಕಣ ಹಳೆಯ ರೂಪದಲ್ಲೇ ಸಿಕ್ಕಿಕೊಂಡು, ತಿಂಗಳುಗಳ ಅಥವಾ ವರ್ಷಗಳ ನಂತರ ಹಿಗ್ಗುತ್ತದೆ. ಅದು ಸೆಳೆತವಿರುವ ಒಳಭಾಗದಲ್ಲಿದ್ದರೆ ಗಾಜು ನಡುರಾತ್ರಿಯಲ್ಲೂ ಢಬ್ಬೆಂದು ಒಡೆಯಬಹುದು. ಒಡೆದ ಗಾಜು ಚೌಕಟ್ಟಿನಲ್ಲಿ ಉಳಿದಿದ್ದರೆ, ಬಿರುಕು ಹೊರಟ ಜಾಗದಲ್ಲಿ ಚಿಟ್ಟೆಯ ರೆಕ್ಕೆಗಳಂತೆ ಎರಡು ದೊಡ್ಡ ಚೂರುಗಳು ಕಾಣುತ್ತವೆ.

ಇದಕ್ಕೆ ಪರಿಹಾರವೆಂದರೆ ಹೀಟ್ ಸೋಕ್ ಪರೀಕ್ಷೆ. ಟಫನ್ಡ್ ಗಾಜನ್ನು 260ರಿಂದ 290 ಡಿಗ್ರಿಯ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ಒಡೆಯುವ ಸ್ವಭಾವದ ಹಲಗೆಗಳು ಕಾರ್ಖಾನೆಯಲ್ಲೇ ಒಡೆದುಹೋಗುವಂತೆ ಮಾಡುತ್ತಾರೆ. ಅಪಾಯ ಪೂರ್ತಿ ಇಲ್ಲವಾಗದಿದ್ದರೂ ಬಹಳ ತಗ್ಗುತ್ತದೆ. ಹೆಚ್ಚಿನ ಖರ್ಚು ಇದ್ದೇ ಇದೆ. ಎತ್ತರದ ಕಿಟಕಿ, ಕಟಾಂಜನ, ಹೊರಗೋಡೆಯ ಗಾಜಿಗೆ ಹಟ ಹಿಡಿದು ಮಾಡಿಸಿ. ಶವರ್‌ಗೆ ಬೇಡವೆನಿಸಿದರೆ ಬಿಡಬಹುದು.

ಹಂತ 6: ಬಂದ ಗಾಜು ಟಫನ್ಡ್ ಹೌದೇ?

ಗಾಡಿಯಿಂದ ಇಳಿಸುವ ಮೊದಲೇ ನೋಡಿ. ಮೊದಲು ಮೂಲೆಯ ಮುದ್ರೆ: ಕಟ್ಟಡಗಳಲ್ಲಿ ಬಳಸುವ ಸುರಕ್ಷತಾ ಗಾಜಿಗೆ ಭಾರತೀಯ ಮಾನದಂಡ ಐಎಸ್ 2553ರ ಒಂದನೆಯ ಭಾಗ. ಐಎಸ್‌ಐ ಗುರುತು, ಅದರ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಆ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ವಿವರ ಬರುತ್ತದೆ. ಮುದ್ರೆ ಗಾಜಿನ ಮೈಯಲ್ಲೇ ಶಾಶ್ವತವಾಗಿ ಮೂಡಿರಬೇಕು. ಉಗುರಿನಿಂದ ಕೀಳಬಹುದಾದ ಚೀಟಿಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಅಂಟಿಸಬಹುದು.

ಎರಡನೆಯದು ಪೋಲರೈಸ್ಡ್ ಕನ್ನಡಕದ ಪರೀಕ್ಷೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಪೋಲರೈಸ್ಡ್ ಆಗಿರುತ್ತದೆ. ಪರದೆಯನ್ನು ಪೂರ್ತಿ ಬಿಳಿಯಾಗಿಸಿ ಗಾಜಿನ ಹಿಂದೆ ಹಿಡಿಸಿ, ನೀವು ಈಚೆಯಿಂದ ಕನ್ನಡಕದ ಮೂಲಕ ನೋಡುತ್ತಾ ತಲೆಯನ್ನು ನಿಧಾನವಾಗಿ ಓರೆ ಮಾಡಿ. ಗಾಜಿನೊಳಗಿನ ಒತ್ತಡವು ಬೆಳಕಿನ ಕಂಪನದ ದಿಕ್ಕನ್ನು ಬದಲಿಸುವುದರಿಂದ ಟಫನ್ಡ್ ಗಾಜಿನಲ್ಲಿ ಕಪ್ಪು ಬಿಳುಪಿನ ಚುಕ್ಕೆಗಳೋ ಪಟ್ಟೆಗಳೋ ಕಾಣುತ್ತವೆ, ಅಂಚು ಮತ್ತು ರಂಧ್ರಗಳ ಸುತ್ತ ಇನ್ನೂ ಸ್ಪಷ್ಟವಾಗಿ. ಸಾದಾ ಗಾಜಿನಲ್ಲಿ ಇಂತಹ ಚಿತ್ತಾರ ಇರುವುದಿಲ್ಲ. ಒಂದು ಮಿತಿ ನೆನಪಿರಲಿ: ಹೀಟ್ ಸ್ಟ್ರೆಂಥನ್ಡ್ ಎಂಬ ಅರೆಬಲದ ಗಾಜೂ ಇದೇ ತರಹ ಕಾಣಬಹುದು. ಅದರ ಬಲ ಸಾದಾ ಗಾಜಿನ ಸುಮಾರು ಎರಡು ಪಟ್ಟು ಮಾತ್ರ, ಒಡೆದಾಗ ದೊಡ್ಡ ತುಂಡುಗಳಾಗುತ್ತದೆ, ಆದ್ದರಿಂದ ಅದು ಸುರಕ್ಷತಾ ಗಾಜಲ್ಲ. ಅಂದರೆ ಚಿತ್ತಾರ ಕಾಣದಿದ್ದರೆ ಗಾಜನ್ನು ಹಿಂದಿರುಗಿಸಬಹುದು. ಕಂಡರೆ ಮುದ್ರೆಯನ್ನೂ ಸೇರಿಸಿ ನೋಡಬೇಕು.

ಮೂರನೆಯದಾಗಿ, ಗಾಜಿನ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಉರುಳೆಗಳ ಮೇಲೆ ಕಾದು ಮೆತ್ತಗಾದ ಗಾಜಿನಲ್ಲಿ ನೇರ ಗೆರೆ ತುಸು ಅಲೆಯಾಗಿ ಕಾಣುತ್ತದೆ. ಇದು ದೋಷವಲ್ಲ, ಅತಿಯಾದರೆ ಮಾತ್ರ ದೋಷ.

ನಾಣ್ಯದಿಂದ ತಟ್ಟಿ ಸದ್ದು ಕೇಳುವುದು, ಕೀಲಿಕೈಯಿಂದ ಗೀಚಿ ನೋಡುವುದು ಯಾವುದನ್ನೂ ಸಾಬೀತುಪಡಿಸುವುದಿಲ್ಲ. ಗೀರು ಬೀಳುವ ವಿಷಯದಲ್ಲಿ ಎರಡೂ ಗಾಜು ಒಂದೇ. ‘ಇದೇ ಹಲಗೆಯಿಂದ ಕತ್ತರಿಸಿದ ಸ್ಯಾಂಪಲ್’ ಎಂದು ಯಾರಾದರೂ ತುಂಡು ತೋರಿಸಿದರೆ, ಅಥವಾ ಹಲಗೆ ಹಿಡಿಯದಿದ್ದಾಗ ‘ಐದು ಮಿ.ಮೀ. ಇಲ್ಲೇ ತೆಗೆದುಕೊಡುತ್ತೇನೆ’ ಎಂದರೆ, ಅದು ಟಫನ್ಡ್ ಅಲ್ಲ ಎಂದು ಅವರೇ ಒಪ್ಪಿಕೊಂಡಂತೆ.

ಹಂತ 7: ಇಳಿಸುವುದು, ಕೂರಿಸುವುದು

ಟಫನ್ಡ್ ಗಾಜಿನ ಮುಖಕ್ಕೆ ಬಿದ್ದ ಪೆಟ್ಟನ್ನು ಅದು ತಾಳುತ್ತದೆ, ಅಂಚಿಗೆ ಬಿದ್ದದ್ದನ್ನು ತಾಳುವುದಿಲ್ಲ. ಹಲಗೆಯನ್ನು ಬರಿಯ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್ ಮೇಲೆ ಮೂಲೆಯೂರಿ ನಿಲ್ಲಿಸುವುದು ಕೆಲಸದ ಜಾಗಗಳಲ್ಲಿ ಗಾಜು ಒಡೆಯುವ ಅತಿ ಸಾಮಾನ್ಯ ಕಾರಣ. ನೆಲದ ಮೇಲೆ ಎರಡು ಮರದ ಪಟ್ಟಿ, ಅದರ ಮೇಲೆ ರಬ್ಬರ್ ಅಥವಾ ದಪ್ಪ ರಟ್ಟು, ಆಮೇಲೆ ಗಾಜು, ಗೋಡೆಗೆ ತುಸುವೇ ವಾಲಿಸಿ.

ಕೂರಿಸುವಾಗ ಗಾಜು ಲೋಹಕ್ಕಾಗಲಿ ಕಲ್ಲಿಗಾಗಲಿ ನೇರವಾಗಿ ತಾಗಬಾರದು. ತಳದಲ್ಲಿ ಸೆಟ್ಟಿಂಗ್ ಬ್ಲಾಕ್, ಅಂದರೆ ಗಟ್ಟಿ ರಬ್ಬರಿನ ಸಣ್ಣ ಇಟ್ಟಿಗೆಗಳು, ಎರಡೂ ತುದಿಗಳಿಂದ ಅಗಲದ ಕಾಲುಭಾಗದ ಜಾಗದಲ್ಲಿ ಒಂದೊಂದು ಇರಬೇಕು. ಕೀಲಿನ ಲೋಹಕ್ಕೂ ಗಾಜಿಗೂ ನಡುವೆ ತೆಳು ಗ್ಯಾಸ್ಕೆಟ್, ಬೋಲ್ಟ್ ಹಾಯುವ ರಂಧ್ರದೊಳಗೆ ಪ್ಲಾಸ್ಟಿಕ್ ಕೊಳವೆ ಇರಬೇಕು. ಕೆಲಸಗಾರರು ಅವಸರದಲ್ಲಿ ಇವನ್ನು ಪೊಟ್ಟಣದಲ್ಲೇ ಬಿಟ್ಟುಬಿಡುವುದುಂಟು; ಕೆಲಸ ಮುಗಿದ ಮೇಲೆ ಖಾಲಿ ಪೊಟ್ಟಣವನ್ನು ಕೇಳಿ ನೋಡಿ. ಬೋಲ್ಟನ್ನು ಬಲವೆಲ್ಲ ಹಾಕಿ ಬಿಗಿಯುವುದೂ ತಪ್ಪು.

ಲ್ಯಾಮಿನೇಟೆಡ್ ಗಾಜಿನ ಅಂಚಿಗೆ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಹಚ್ಚಿಸಬೇಡಿ, ಅದು ಒಳಗಿನ ಪದರವನ್ನು ಕೆಡಿಸುತ್ತದೆ. ‘ನ್ಯೂಟ್ರಲ್’ ಎಂದು ಬರೆದದ್ದನ್ನು ಕೇಳಿ. ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಯ ಗಾಜು ಬದಲಿಸುವುದಾದರೆ ಅಸೋಸಿಯೇಷನ್ನಿನ ಲಿಖಿತ ಒಪ್ಪಿಗೆ ಮೊದಲೇ ಇರಲಿ.

ಹಂತ 8: ಗೀರು, ಕಲೆ, ಕಿಡಿ

ಗಾಜು ಕೂರಿಸಿದ ಮೇಲೆ ಹತ್ತಿರದಲ್ಲಿ ವೆಲ್ಡಿಂಗ್ ಅಥವಾ ಗ್ರೈಂಡಿಂಗ್ ಮಾಡಿಸಬೇಡಿ. ಕಿಡಿಗಳು ಗಾಜಿನಲ್ಲಿ ಕರಗಿ ಕೂತು ಗುಳಿ ಬೀಳಿಸುತ್ತವೆ, ಆ ಗುಳಿ ಆಳವಾದರೆ ಗಾಜು ಒಡೆಯುವುದಕ್ಕೂ ಅದೇ ನಾಂದಿ. ಗೇಟಿನ ಕೆಲಸ, ಗ್ರಿಲ್ ಕೆಲಸ ಮೊದಲು ಮುಗಿಯಲಿ. ಸಿಮೆಂಟ್ ನೀರು ಗಾಜಿನ ಮೇಲೆ ಒಣಗಿದರೆ ಅದರ ಕ್ಷಾರ ಶಾಶ್ವತ ಕಲೆ ಉಳಿಸುತ್ತದೆ, ತಕ್ಷಣ ತೊಳೆಯಿರಿ. ಒಣಗಿದ ಬಣ್ಣವನ್ನು ಬ್ಲೇಡಿನಿಂದ ಕೆರೆಯಲು ಬಿಡಬೇಡಿ.

ಕೊಳವೆಬಾವಿ ಅಥವಾ ಟ್ಯಾಂಕರ್ ನೀರಿನ ಮನೆಗಳಲ್ಲಿ ಶವರ್ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅದು ನೀರಿನಲ್ಲಿರುವ ಸುಣ್ಣದ ಅಂಶ. ಸ್ನಾನವಾದ ಮೇಲೆ ರಬ್ಬರ್ ಪಟ್ಟಿಯಿಂದ ನೀರೆಳೆದರೆ ಪೊರೆ ಕಟ್ಟುವುದೇ ಇಲ್ಲ. ಕಟ್ಟಿದ್ದರೆ ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿದ ಬಟ್ಟೆ ಸಾಕು. ಪಾತ್ರೆ ತಿಕ್ಕುವ ಉಕ್ಕಿನ ನಾರು ಬೇಡ.

ಆರು ತಿಂಗಳಿಗೊಮ್ಮೆ ಕೀಲಿನ ಬೋಲ್ಟುಗಳನ್ನು ನೋಡಿ, ಅಂಚುಗಳ ಮೇಲೆ ಬೆರಳಾಡಿಸಿ. ಅಂಚಿನಲ್ಲಿ ಸಣ್ಣ ಚೆಕ್ಕೆ ಎದ್ದಿದ್ದರೆ ಆ ಹಲಗೆಯನ್ನು ಬದಲಿಸುವ ಯೋಚನೆ ಮಾಡಿ. ಗಾಜಿನ ಮೇಲ್ಮೈ ಇರುವ ಗ್ಯಾಸ್ ಒಲೆಗೂ ಇದೇ ಮಾತು ಅನ್ವಯಿಸುತ್ತದೆ. ಕಾದ ಒಲೆಯ ಗಾಜಿನ ಮೇಲೆ ತಣ್ಣೀರು ಬಟ್ಟೆ ಎಳೆಯುವುದು, ಬರ್ನರ್‌ಗಿಂತ ಬಹಳ ಅಗಲವಾದ ಪಾತ್ರೆಯಿಟ್ಟು ಶಾಖವನ್ನು ಗಾಜಿನ ಮೇಲೆ ತಿರುಗಿಸುವುದು ಎರಡೂ ಅಪಾಯ.

ಹಂತ 9: ಒಡೆದರೆ

ಚಪ್ಪಲಿ ಹಾಕಿಕೊಳ್ಳದೆ ಹತ್ತಿರ ಹೋಗಬೇಡಿ. ಚೂರುಗಳು ನೀವು ಊಹಿಸುವುದಕ್ಕಿಂತ ದೂರ ಚದುರಿರುತ್ತವೆ. ಚೌಕಟ್ಟಿನಲ್ಲಿ ನಿಂತ ಒಡಕನ್ನು ಅಗಲವಾದ ಟೇಪಿನಿಂದ ಹಿಡಿದಿಟ್ಟು, ಮೇಲಿನಿಂದ ಕೆಳಕ್ಕೆ ಬಿಡಿಸಿ. ತೆಗೆಯುವ ಮೊದಲು ಫೋಟೊ ತೆಗೆಯಿರಿ, ಚಿಟ್ಟೆಯಾಕಾರದ ಚೂರುಗಳು ಸಿಕ್ಕರೆ ಎತ್ತಿಡಿ. ವಾರಂಟಿಯ ಮಾತುಕತೆಯಲ್ಲಿ ಅವು ನಿಮ್ಮ ಪರ ಸಾಕ್ಷಿ.

ಚೂರುಗಳನ್ನು ಗುಡಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ನೆಲ ಒತ್ತಿ ಒರೆಸಿ, ಬಟ್ಟೆಯನ್ನೂ ಎಸೆಯಿರಿ. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಟೇಪು ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ‘ಗಾಜು’ ಎಂದು ಕನ್ನಡದಲ್ಲಿ ಬರೆದು, ಕಸದ ಆಟೋ ಬಂದಾಗ ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ ಕೊಡಿ. ಅವರಲ್ಲಿ ಅನೇಕರು ಒಣಕಸವನ್ನು ಬರಿಗೈಯಲ್ಲೇ ವಿಂಗಡಿಸುತ್ತಾರೆ. ಹೊಸ ಹಲಗೆಗೆ ನಾಲ್ಕನೆಯ ಹಂತದಲ್ಲಿ ಬರೆದ ನಕ್ಷೆಯೇ ಸಾಕು, ಅದನ್ನು ಬಿಲ್ಲಿನ ಜೊತೆ ಎತ್ತಿಟ್ಟಿದ್ದರೆ.